ಕ್ಲಬ್‌ಹೌಸಿನಲ್ಲಿ ಯಹೂದಿ ಚಿತ್ರೋತ್ಸವ: ಆಯ್ಕೆ, ಹಕ್ಕು, ಅವಲಕ್ಕಿ

ವೈಟ್‌ಫೀಲ್ಡ್ ಕಡೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಕ್ಲಬ್‌ಹೌಸ್ ಇದೆ, ಪ್ರೊಜೆಕ್ಟರ್ ಇದೆ, ಒಳ್ಳೆಯ ಸಿನಿಮಾ ಎಂದರೆ ಬಂದು ಕೂರುವ ಮಂದಿಯೂ ಇದ್ದಾರೆ. ಆದರೂ ‘ಸಣ್ಣದೊಂದು ಚಿತ್ರೋತ್ಸವ ಮಾಡೋಣ’ ಎಂದು ಹೊರಟ ಗುಂಪುಗಳು ಎಷ್ಟೋ ಸಲ ನಡುದಾರಿಯಲ್ಲೇ ನಿಂತುಬಿಡುತ್ತವೆ. ವಿಷಯ ಯಹೂದಿ ಸಿನಿಮಾ ಆದರಂತೂ ತೊಡಕು ಮೂರು ಕಡೆಯಿಂದ ಬರುತ್ತದೆ. ಒಬ್ಬರು ‘ನನ್ನ ಒಟಿಟಿ ಖಾತೆಯಲ್ಲೇ ಇದೆ, ಹಾಕಿಬಿಡೋಣ’ ಎನ್ನುತ್ತಾರೆ. ಇನ್ನೊಬ್ಬರು ‘ಈಗಿನ ಕಾಲದಲ್ಲಿ ಇದೆಲ್ಲ ಯಾಕೆ, ಗಲಾಟೆಯಾದೀತು’ ಎನ್ನುತ್ತಾರೆ. ಮತ್ತೊಬ್ಬರು ತರುವ ಪಟ್ಟಿಯಲ್ಲಿ ಇರುವುದೆಲ್ಲ ಹಿಟ್ಲರ್ ಕಾಲದ ನರಮೇಧದ ಚಿತ್ರಗಳೇ. ಈ ಮೂರನ್ನೂ ಬಿಡಿಸಿಕೊಳ್ಳಬಹುದು. ಎರಡು ತಿಂಗಳ ಮುಂಚೆ ಶುರುಮಾಡಿ, ಮೂರು ನಾಲ್ಕು ಚಿತ್ರಗಳಿಗೆ ಮಿತಿ ಹಾಕಿಕೊಂಡರೆ ಹತ್ತಾರು ಮನೆಗಳ ಜನ ಸೇರಿ ಇದನ್ನು ಚೆನ್ನಾಗಿಯೇ ನಡೆಸಬಹುದು.

ಯಹೂದಿ ಚಿತ್ರಗಳಿಗೆಂದೇ ಪ್ರತ್ಯೇಕ ಉತ್ಸವ ಎನ್ನುವ ಪದ್ಧತಿ ಬೇರೂರಿದ್ದು 1980ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿನ ಉತ್ಸವವನ್ನು ಹುಟ್ಟುಹಾಕಿದವರು ಡೆಬೊರಾ ಕಾಫ್ಮನ್. ಆಮೇಲೆ ಯುರೋಪ್, ಆಸ್ಟ್ರೇಲಿಯಾಗಳ ಹಲವು ಊರುಗಳು ಆ ದಾರಿ ಹಿಡಿದವು. ಅಂಥ ಬಹಳಷ್ಟು ಊರುಗಳಲ್ಲಿ ಸಭಾಂಗಣ ತುಂಬುವಷ್ಟು ಯಹೂದಿ ಕುಟುಂಬಗಳಿದ್ದವು. ನಮ್ಮಲ್ಲಿ ಹಾಗಿಲ್ಲ. ನಿಮ್ಮ ಹಾಲಿನಲ್ಲಿ ಕೂರುವವರು ಮಂಡ್ಯದವರು, ಕಲಬುರಗಿಯವರು, ತೆಲುಗರು, ಬಿಹಾರಿಗಳು, ಬ್ಯಾರಿಗಳು, ಕೊಡವರು. ಅವರಲ್ಲಿ ಹೆಚ್ಚಿನವರು ಯಹೂದಿಯೊಬ್ಬನನ್ನು ಮೊದಲು ಕಂಡದ್ದು ಶಾಲೆಯ ಪಾಠದಲ್ಲಿ, ಷೇಕ್ಸ್‌ಪಿಯರನ ಶೈಲಾಕನ ರೂಪದಲ್ಲಿ. ಈ ಪ್ರೇಕ್ಷಕರಿಗೆ ಹೊಂದುವ ಉತ್ಸವವನ್ನು ಬೇರೆ ದೇಶದ ಮಾದರಿ ನೋಡಿ ಕಟ್ಟಲಾಗದು.

ಹಾಗಾದರೆ ಇಲ್ಲಿ ಇದು ಯಾಕೆ ಹಿಡಿಸುತ್ತದೆ?

ಯಹೂದಿ ಸಿನಿಮಾದ ಬಹುಪಾಲು ಕಥೆಗಳು ಊರು ಬಿಟ್ಟವರ ಕಥೆಗಳು. ಅಜ್ಜಿ ಆಡುತ್ತಿದ್ದ ಮಾತು ಮೊಮ್ಮಗನಿಗೆ ಬಾರದು. ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಹಬ್ಬದ ಅಡುಗೆ. ಮಗಳ ಮದುವೆಗೆ ಯಾರನ್ನು ಒಪ್ಪುವುದು ಎನ್ನುವ ತಾಕಲಾಟ. ಕಡುಬೀಸನಹಳ್ಳಿಯಲ್ಲೋ ಬೊಮ್ಮಸಂದ್ರದಲ್ಲೋ ಇರುವ ಯಾವ ಮನೆಗೆ ಇದು ಹೊರಗಿನ ಮಾತು? ವೈಟ್‌ಫೀಲ್ಡ್ ಹುಟ್ಟಿದ್ದೂ ಒಂದು ಸಣ್ಣ ಸಮುದಾಯದ ನೆಲೆಯಾಗಿಯೇ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರು ಡಿ.ಎಸ್. ವೈಟ್ ಅವರ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು. ಊರಿನ ಹೆಸರು ವೈಟ್ ಅವರದ್ದೇ. ಕಡಿಮೆ ಸಂಖ್ಯೆಯ ಜನರ ಬದುಕನ್ನು ಗಮನವಿಟ್ಟು ನೋಡುವ ಉತ್ಸವಕ್ಕೆ ಈ ಊರಿಗಿಂತ ಒಪ್ಪುವ ಜಾಗ ಇಲ್ಲ ಎಂದೇ ನಾನು ಹೇಳುತ್ತೇನೆ.

ಮೊದಲು ಚಿತ್ರಗಳ ಆಯ್ಕೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇದಕ್ಕೇ ಕೊಡಿ. ನನ್ನ ಸಲಹೆ ಇಷ್ಟು: ಬಾಗಿಲು ತೆರೆಯುವುದು ಭಾರತದ ಯಹೂದಿ ಕಲಾವಿದರಿಂದ, ನಡುವಿಗೆ ಮನೆ ಮತ್ತು ಸಂಸಾರದ ಚಿತ್ರ, ನರಮೇಧದ ಚಿತ್ರ ಒಂದೇ ಒಂದು. ಪ್ರೇಕ್ಷಕರು ಪಾತ್ರಗಳನ್ನು ಮೊದಲು ನೆರೆಹೊರೆಯವರೆಂದು ಕಾಣಲಿ. ಅವರ ಕಷ್ಟ ಆಮೇಲೆ ಮನಸ್ಸಿಗೆ ತಟ್ಟುತ್ತದೆ. ಗುರುತೇ ಇಲ್ಲದ ಜನರ ಸಾವನ್ನು ಸಾಲಾಗಿ ತೋರಿಸಿದರೆ ನೋಡುವವರು ಎರಡನೆಯ ಚಿತ್ರಕ್ಕೆ ಮರಗಟ್ಟಿಹೋಗುತ್ತಾರೆ.

1. ಭಾರತದ ಪರದೆಯಿಂದ ಶುರುಮಾಡಿ. ಮೂಕಿ ಚಿತ್ರಗಳ ಕಾಲದಲ್ಲಿ ಹಿಂದೂ, ಮುಸ್ಲಿಂ ಮನೆಗಳ ಹೆಣ್ಣುಮಕ್ಕಳು ಸಿನಿಮಾದಲ್ಲಿ ನಟಿಸುವುದು ಮರ್ಯಾದೆಗೇಡು ಎನಿಸಿತ್ತು. ಆ ಜಾಗಕ್ಕೆ ಬಂದವರಲ್ಲಿ ಯಹೂದಿ ಮತ್ತು ಆಂಗ್ಲೋ ಇಂಡಿಯನ್ ಹುಡುಗಿಯರು ಮುಖ್ಯರು. ಸುಲೋಚನಾ ಎಂದು ಹೆಸರಾದ ರೂಬಿ ಮೈಯರ್ಸ್ ಆ ಕಾಲದ ಅತಿ ದೊಡ್ಡ ತಾರೆ. ಮಾತಿನ ಚಿತ್ರಗಳು ಬಂದಾಗ ಹಿಂದುಸ್ತಾನಿ ಕಲಿತು ಮರಳಿ ಬಂದರು, 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದರು. 1947ರಲ್ಲಿ ಮೊದಲ ಮಿಸ್ ಇಂಡಿಯಾ ಆದ ಪ್ರಮೀಳಾ ಅವರ ಹುಟ್ಟುಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ‘ಶ್ರೀ 420’ ಚಿತ್ರದಲ್ಲಿ ಸಿಗರೇಟು ಹಿಡಿದು ನಿಂತ ಮಾಯಾ ನೆನಪಿದೆಯೆ? ಅವರು ನಾದಿರಾ, ಅಂದರೆ ಫ್ಲಾರೆನ್ಸ್ ಎಜೆಕಿಯಲ್. ‘ಬೂಟ್ ಪಾಲಿಶ್’ನ ಜಾನ್ ಚಾಚಾ ಆಗಿ ಫಿಲ್ಮ್‌ಫೇರ್ ಪ್ರಶಸ್ತಿ ಗೆದ್ದ ಡೇವಿಡ್ ಅವರ ಪೂರ್ಣ ಹೆಸರು ಡೇವಿಡ್ ಅಬ್ರಹಾಂ ಚೆವುಲ್ಕರ್, ಕೊಂಕಣದ ಬೆನೆ ಇಸ್ರೇಲ್ ಸಮುದಾಯದವರು. ‘ಆಲಂ ಆರಾ’ದ ಕಥೆಯೂ ಜೋಸೆಫ್ ಡೇವಿಡ್ ಎಂಬ ಯಹೂದಿ ನಾಟಕಕಾರರದ್ದು. ಈ ಹೆಸರುಗಳನ್ನು ಹೇಳಿದೊಡನೆ ಸಭಿಕರಲ್ಲಿ ಹಿರಿಯರು ಮುಂದಕ್ಕೆ ಬಾಗುತ್ತಾರೆ. ‘ಇವರು ಯಹೂದಿಗಳೇ? ಗೊತ್ತೇ ಇರಲಿಲ್ಲ’ ಎನ್ನುವ ಮಾತು ಬಂದರೆ ಉತ್ಸವ ಶುರುವಾಯಿತು ಎಂದುಕೊಳ್ಳಿ. ಇದೇ ವಿಷಯದ ಮೇಲೆ ಡ್ಯಾನಿ ಬೆನ್ ಮೋಶೆ ಮಾಡಿದ ‘ಶಾಲೋಮ್ ಬಾಲಿವುಡ್’ ಸಾಕ್ಷ್ಯಚಿತ್ರ 2017ರಲ್ಲಿ ಬಂತು. ಅದರ ಪ್ರದರ್ಶನದ ಹಕ್ಕು ಸಿಕ್ಕರೆ ಉದ್ಘಾಟನೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ನೌಕರರನ್ನೂ ಕರೆಯುವ ಮನಸ್ಸಿದ್ದರೆ ‘ಬೂಟ್ ಪಾಲಿಶ್’ ಅಥವಾ ‘ಶ್ರೀ 420’ ಆರಿಸಿಕೊಳ್ಳಿ. ಪಾಳಿ ಮುಗಿಸಿ ದಣಿದು ಬಂದವರಿಗೆ ಸಬ್‌ಟೈಟಲ್ ಓದುವುದು ಶಿಕ್ಷೆ. ಹಿಂದಿ ಬಲ್ಲವರಿಗೆ ಈ ಎರಡೂ ಕೇಳಿಯೇ ಅರ್ಥವಾಗುತ್ತವೆ.

2. ನಡುವಿಗೆ ಸಂಸಾರದ ಚಿತ್ರ. ‘ಉಷ್ಪಿಜಿನ್’ (2004) ಜೆರುಸಲೇಮಿನ ಬಡ ದಂಪತಿಯ ಕಥೆ. ಸುಕ್ಕೋತ್ ಹಬ್ಬಕ್ಕೆ ಅತಿಥಿ ಬರಲೇಬೇಕು, ಬಂದವರು ಮಾತ್ರ ಜೈಲಿನಿಂದ ತಪ್ಪಿಸಿಕೊಂಡವರು. ಅತಿಥಿ ಸತ್ಕಾರದ ಕಷ್ಟ ಸುಖ ಬಲ್ಲ ನಮ್ಮ ಮನೆಗಳಿಗೆ ಇದಕ್ಕೆ ಮುನ್ನುಡಿ ಬೇಡ. ‘ದಿ ಬ್ಯಾಂಡ್ಸ್ ವಿಸಿಟ್’ (2007) ಇಸ್ರೇಲಿನ ಕುಗ್ರಾಮವೊಂದಕ್ಕೆ ದಾರಿ ತಪ್ಪಿ ಬಂದ ಈಜಿಪ್ಟಿನ ಪೊಲೀಸ್ ವಾದ್ಯವೃಂದದ ಒಂದು ರಾತ್ರಿ. ಒಂದೂವರೆ ಗಂಟೆಯೂ ಇಲ್ಲ, ಯಾರ ಮನಸ್ಸನ್ನೂ ನೋಯಿಸದು. ನಿಮ್ಮ ಅಪಾರ್ಟ್‌ಮೆಂಟಿನ ಮುಸ್ಲಿಂ ಕುಟುಂಬಗಳನ್ನು ಈ ಪ್ರದರ್ಶನಕ್ಕೆ ಮನೆಬಾಗಿಲಿಗೆ ಹೋಗಿ ಕರೆಯಿರಿ. ಓದು ಬರಹದವರು ಹೆಚ್ಚಿರುವ ಕಡೆ ‘ಫುಟ್‌ನೋಟ್’ (2011) ಹಾಕಿ: ಅಪ್ಪ ಮಗ ಇಬ್ಬರೂ ಟಾಲ್ಮುಡ್ ಎಂಬ ಯಹೂದಿ ಧರ್ಮಗ್ರಂಥದ ವಿದ್ವಾಂಸರು, ಅಪ್ಪನಿಗೆ ಬಂದಿದೆ ಎಂದುಕೊಂಡ ಪ್ರಶಸ್ತಿ ನಿಜಕ್ಕೂ ಬಂದದ್ದು ಮಗನಿಗೆ.

3. ಒಂದು ಚಿತ್ರಕ್ಕೆ ಕನ್ನಡದ ಜೋಡಿ ಕೊಡಿ. ಉತ್ಸವದಲ್ಲಿ ನಾನು ಬಿಡಲಾರದ ಭಾಗ ಇದು. ರೋನಿತ್ ಎಲ್ಕಬೆಟ್ಜ್ ಮತ್ತು ಶ್ಲೋಮಿ ಎಲ್ಕಬೆಟ್ಜ್ ಅಕ್ಕ ತಮ್ಮ ಸೇರಿ ನಿರ್ದೇಶಿಸಿದ ‘ಗೆಟ್’ (2014) ಚಿತ್ರದಲ್ಲಿ ವಿವಿಯನ್ ಎಂಬಾಕೆ ವಿಚ್ಛೇದನ ಕೇಳಿ ಧರ್ಮನ್ಯಾಯಾಲಯದ ಮುಂದೆ ವರ್ಷಗಟ್ಟಲೆ ನಿಲ್ಲುತ್ತಾಳೆ. ಗಂಡ ‘ಕೊಟ್ಟೆ’ ಎಂದು ಬಾಯಿಬಿಟ್ಟು ಹೇಳದೆ ಬಿಡುಗಡೆ ಇಲ್ಲ. ಕ್ಯಾಮೆರಾ ಕೋರ್ಟಿನ ಕೋಣೆ ಮತ್ತು ಅದರ ಹೊರಗಿನ ಜಗಲಿ ಬಿಟ್ಟು ಹೋಗುವುದಿಲ್ಲ. ಅದರ ಬೆನ್ನಿಗೇ ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೋಡಿ. ಯು.ಆರ್. ಅನಂತಮೂರ್ತಿಯವರ ಕಥೆಯ ಯಮುನಕ್ಕನನ್ನು ಅಗ್ರಹಾರ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗಿಡುತ್ತದೆ. ಒಬ್ಬಳನ್ನು ಒಳಗೇ ಕಟ್ಟಿಹಾಕುವ ನಿಯಮ, ಇನ್ನೊಬ್ಬಳನ್ನು ಹೊರಗೆ ದೂಡುವ ನಿಯಮ. ಎರಡನ್ನೂ ನೋಡಿದ ಪ್ರೇಕ್ಷಕರು ‘ಅವರ ಧರ್ಮ ಹೀಗಂತೆ’ ಎಂದು ಬೆರಳು ತೋರಿಸಿ ಎದ್ದುಹೋಗುವುದಿಲ್ಲ. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದೆ. ಹಳೆಯ ಮಸುಕು ಪ್ರತಿಗೆ ಒಪ್ಪದೆ ಇದನ್ನೇ ಕೇಳಿ ನೋಡಿ.

4. ನರಮೇಧದ ಚಿತ್ರ ಒಂದು. ‘ಷಿಂಡ್ಲರ್ಸ್ ಲಿಸ್ಟ್’ ಮೂರು ಗಂಟೆ ಮೀರುತ್ತದೆ, ಎಷ್ಟೋ ಜನ ನೋಡಿದ್ದಾರೆ. ಕ್ಲಬ್‌ಹೌಸಿಗೆ ಲೂಯಿ ಮಾಲ್ ಅವರ ‘ಓ ರವ್ವಾರ್ ಲೆ ಜಾಂಫಾಂ’ (1987) ಹೆಚ್ಚು ಹೊಂದುತ್ತದೆ. ಫ್ರಾನ್ಸಿನ ವಸತಿ ಶಾಲೆಯಲ್ಲಿ ಪಾದ್ರಿಗಳು ಬಚ್ಚಿಟ್ಟ ಯಹೂದಿ ಹುಡುಗ, ಅವನ ಗೆಳೆಯ. ರಕ್ತಪಾತ ಇಲ್ಲ, ಹೈಸ್ಕೂಲು ಮಕ್ಕಳೂ ಕೂತು ನೋಡಬಹುದು. ಜನವರಿ 27 ವಿಶ್ವಸಂಸ್ಥೆ ಗೊತ್ತುಮಾಡಿರುವ ನರಮೇಧ ಸ್ಮರಣೆಯ ದಿನ, ಉತ್ಸವ ಆ ಹೊತ್ತಿಗಾದರೆ ಇದನ್ನು ಅಂದೇ ಇಡಿ.

ಹಕ್ಕು ಮತ್ತು ಅನುಮತಿ

ಒಟಿಟಿ ಚಂದಾ ಕೊಡುವುದು ನಿಮ್ಮ ಮನೆಯಲ್ಲಿ ನೋಡುವ ಅನುಮತಿ ಮಾತ್ರ. ನೂರಾರು ಫ್ಲ್ಯಾಟುಗಳ ಜನ ಸೇರುವ ಹಾಲಿನಲ್ಲಿ ಅದನ್ನು ಹಾಕಿದರೆ ಸಾರ್ವಜನಿಕ ಪ್ರದರ್ಶನ ಎನಿಸುತ್ತದೆ, ಟಿಕೆಟ್ ಇಲ್ಲ ಎನ್ನುವುದು ರಕ್ಷಣೆಗೆ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಸತಿ ಸಂಕೀರ್ಣಗಳ ಹಾಲಿಗೆ ಒಂದು ವಿನಾಯಿತಿ ಇದೆ ನಿಜ. ಅದು ಧ್ವನಿಮುದ್ರಿತ ಹಾಡು ಕೇಳಿಸುವುದಕ್ಕೆ, ಚಿತ್ರ ತೋರಿಸುವುದಕ್ಕೆ ಅನ್ವಯಿಸದು. ಅಸೋಸಿಯೇಷನ್ ಸಭೆಯಲ್ಲಿ ಯಾರಾದರೂ ಆ ಕಲಮನ್ನು ಎತ್ತಿದರೆ ಇದನ್ನು ತಿಳಿಸಿ. ಶಾಲೆಗಳಿಗೆ ಬೇರೆ ವಿನಾಯಿತಿ ಉಂಟು: ಶಾಲೆಯ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಿಗಷ್ಟೇ ತೋರಿಸುವುದಾದರೆ. ಬಡಾವಣೆಯ ಉತ್ಸವಕ್ಕೆ ಶಾಲೆಯ ಹಾಲನ್ನು ಬಾಡಿಗೆಗೆ ಹಿಡಿದರೆ ಅದು ಅನ್ವಯವಾಗದು.

ಹಾಗಾಗಿ ಈ ಕ್ರಮದಲ್ಲಿ ಹೋಗಿ:

1. ಫಿಲ್ಮ್ ಸೊಸೈಟಿಯ ಕೈ ಹಿಡಿಯಿರಿ. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಫೆಡರೇಷನ್ ಆಫ್ ಫಿಲ್ಮ್ ಸೊಸೈಟೀಸ್ ಆಫ್ ಇಂಡಿಯಾ 1959ರಲ್ಲಿ ಶುರುವಾದದ್ದು, ಅದರ ಮೊದಲ ಅಧ್ಯಕ್ಷರು ಸತ್ಯಜಿತ್ ರಾಯ್. ಇಂಥ ಸೊಸೈಟಿಯ ಸಹಯೋಗ ಇದ್ದರೆ ಯಾರಿಗೆ ಬರೆಯಬೇಕು, ಏನು ಕೇಳಬೇಕು ಎನ್ನುವ ಅರ್ಧ ಗೊಂದಲ ಕಳೆಯುತ್ತದೆ.

2. ಹಕ್ಕುದಾರರಿಗೆ ಬರೆಯಿರಿ. ಪತ್ರದಲ್ಲಿ ಐದು ಸಂಗತಿ ಇರಲಿ: ದಿನಾಂಕ, ಜಾಗ, ಆಸನಗಳ ಸಂಖ್ಯೆ, ಪ್ರವೇಶ ಉಚಿತವೋ ಅಲ್ಲವೋ, ಎಷ್ಟು ಪ್ರದರ್ಶನ. ‘ಒಂದೇ ಪ್ರದರ್ಶನ, 80 ಆಸನ, ಟಿಕೆಟ್ ಇಲ್ಲ’ ಎಂದು ಸ್ಪಷ್ಟವಾಗಿ ಹೇಳಿದವರಿಗೆ ಕಡಿಮೆ ದರದಲ್ಲಿ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ಒಪ್ಪಿಗೆ ಫೋನಿನ ಮಾತಲ್ಲಿ ನಿಲ್ಲದೆ ಬರಹದಲ್ಲಿ ಬರಲಿ. ಕನ್ನಡ ಸಬ್‌ಟೈಟಲ್ ಮಾಡುವ ಆಸೆ ಇದ್ದರೆ ಅದಕ್ಕೂ ಇದೇ ಪತ್ರದಲ್ಲಿ ಅನುಮತಿ ಕೇಳಿ, ಅನುವಾದದ ಹಕ್ಕೂ ಅವರದ್ದೇ. ಜರ್ಮನ್, ಫ್ರೆಂಚ್ ಚಿತ್ರಗಳಾದರೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇವರನ್ನು ವಿಚಾರಿಸಿ ನೋಡಿ. ಇಸ್ರೇಲಿ ಚಿತ್ರಗಳಿಗೆ ಬೆಂಗಳೂರಿನಲ್ಲೇ ಇರುವ ಆ ದೇಶದ ಕಾನ್ಸುಲೇಟ್ ಕಚೇರಿ ದಾರಿ ತೋರಿಸಬಹುದು.

3. ಹಳೆಯ ಚಿತ್ರಗಳ ಲೆಕ್ಕ ತಿಳಿದುಕೊಳ್ಳಿ. ಭಾರತದಲ್ಲಿ ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ‘ಬೂಟ್ ಪಾಲಿಶ್’ (1954), ‘ಶ್ರೀ 420’ (1955), ಬಿಮಲ್ ರಾಯ್ ಅವರ ‘ಯಹೂದಿ’ (1958) ಈ ಅವಧಿ ದಾಟಿವೆ. ಇಲ್ಲೊಂದು ಎಚ್ಚರ: ಹಾಡುಗಳ ಸಾಹಿತ್ಯ ಸಂಗೀತದ ಹಕ್ಕಿಗೆ ಬೇರೆ ಗಡುವು, ರಚನೆಕಾರರ ಮರಣದ ನಂತರ 60 ವರ್ಷ. ‘ಶ್ರೀ 420’ ಮತ್ತು ‘ಯಹೂದಿ’ ಎರಡಕ್ಕೂ ಸಂಗೀತ ಕೊಟ್ಟ ಶಂಕರ್ ಜೈಕಿಶನ್ ಜೋಡಿಯಲ್ಲಿ ಶಂಕರ್ ತೀರಿಕೊಂಡದ್ದು 1987ರಲ್ಲಿ. ಆದ್ದರಿಂದ ಹಾಡುಗಳ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆಗೆ ಒಂದು ಪತ್ರ ಬರೆದು ಕೇಳುವುದು ಒಳ್ಳೆಯದು. ಹಳೆಯ ವಿದೇಶಿ ಚಿತ್ರಗಳಲ್ಲಿ ಇನ್ನೊಂದು ಸಿಕ್ಕು. 1937ರ ‘ದಿ ಡಿಬ್ಬುಕ್’ ಎಂಬ ಯಿಡ್ಡಿಶ್ ಭಾಷೆಯ ಚಿತ್ರ ಹಳೆಯದಾದರೂ ಡಿಸ್ಕಿನಲ್ಲಿರುವ ಇಂಗ್ಲಿಷ್ ಸಬ್‌ಟೈಟಲ್ ಹೊಸ ಬರಹ, ಅದಕ್ಕೆ ಹಕ್ಕುದಾರರು ಬೇರೆ ಇರುತ್ತಾರೆ.

4. ಸೆನ್ಸಾರ್ ಪ್ರಮಾಣಪತ್ರ ನೋಡಿ. ಭಾರತದಲ್ಲಿ ಬಿಡುಗಡೆಯಾದ ಚಿತ್ರಕ್ಕೆ ಅದು ಇದ್ದೇ ಇರುತ್ತದೆ. ಇಲ್ಲದ ವಿದೇಶಿ ಚಿತ್ರವನ್ನು ಉತ್ಸವದಲ್ಲಿ ತೋರಿಸಲು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಪ್ರದರ್ಶನ ಲಾಭಕ್ಕಾಗಿ ಇರಬಾರದು, ಹೆಸರು ನೋಂದಾಯಿಸಿದ ಪ್ರತಿನಿಧಿಗಳಿಗಷ್ಟೇ ಪ್ರವೇಶ. ಮೊದಲ ವರ್ಷವೇ ಈ ದಾರಿಗೆ ಕೈ ಹಾಕುವುದಾದರೆ ಅನುಭವ ಇರುವ ಸೊಸೈಟಿಯ ಮೂಲಕವೇ ಹೋಗಿ.

5. ಟಿಕೆಟ್ ಮಾರಬೇಡಿ. ಹೊರಗಿನವರಿಗೆ ಟಿಕೆಟ್ ಕೊಟ್ಟು ಪರವಾನಗಿ ಇಲ್ಲದ ಜಾಗದಲ್ಲಿ ಚಿತ್ರ ತೋರಿಸಿದರೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ತೊಡಕು ಎದುರಾಗುತ್ತದೆ. ಖರ್ಚನ್ನು ಅಸೋಸಿಯೇಷನ್ನಿನ ಸಾಂಸ್ಕೃತಿಕ ನಿಧಿಯಿಂದಲೋ ನಿವಾಸಿಗಳ ವಂತಿಗೆಯಿಂದಲೋ ತೆಗೆಯಿರಿ. ಬಯಲಿನಲ್ಲಿ ಪರದೆ ಕಟ್ಟಿ ಧ್ವನಿವರ್ಧಕ ಹಾಕುವುದಾದರೆ ಪೊಲೀಸರ ಅನುಮತಿ ಬೇಕು, ರಾತ್ರಿ 10ರ ಮೇಲೆ ಅದೂ ಇಲ್ಲ. ಒಳಾಂಗಣವೇ ನೆಮ್ಮದಿ.

ಯಾವ ದಿನ, ಯಾವ ಹೊತ್ತು

ವಾರಾಂತ್ಯದ ಉತ್ಸವ ಎಂದರೆ ಶುಕ್ರವಾರ ಸಂಜೆ ಉದ್ಘಾಟನೆ ಎಂದೇ ಎಲ್ಲರ ಲೆಕ್ಕ. ಈ ಉತ್ಸವಕ್ಕೆ ಅದು ಕೂಡದು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಕಾಣುವವರೆಗೆ ಶಬ್ಬಾತ್. ಆಚರಣೆ ಪಾಲಿಸುವ ಯಹೂದಿಗಳು ಆಗ ಕೆಲಸ ಮಾಡುವುದಿಲ್ಲ, ವಾಹನ ಹತ್ತುವುದಿಲ್ಲ, ವಿದ್ಯುತ್ ಗುಂಡಿ ಒತ್ತುವುದಿಲ್ಲ. ಕೊಂಕಣದ ಬೆನೆ ಇಸ್ರೇಲಿಗಳು ಗಾಣದಲ್ಲಿ ಎಣ್ಣೆ ತೆಗೆಯುವ ಕಸುಬಿನವರು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು, ಶನಿವಾರ ಬಿಡುವು ಮಾಡುವ ಗಾಣಿಗರು ಎಂದು. ಅವರ ಮೇಲಿನ ಉತ್ಸವಕ್ಕೆ ಅವರೇ ಬರಲಾಗದ ಹೊತ್ತು ಇಡುವುದು ಸಲ್ಲದು.

ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ ಸಂಜೆ 6ಕ್ಕೆ ಸ್ವಲ್ಪ ಮುಂಚೆ, ಜುಲೈನಲ್ಲಿ 6.50ರ ಹತ್ತಿರ. ಹಾಗಾಗಿ ಶನಿವಾರ ರಾತ್ರಿ 7.45ಕ್ಕೆ ಒಂದು ಚಿಕ್ಕ ಚಿತ್ರ, ಭಾನುವಾರ ಬೆಳಗ್ಗೆ 11ಕ್ಕೆ, ಮಧ್ಯಾಹ್ನ 3ಕ್ಕೆ, ಸಂಜೆ 6.30ಕ್ಕೆ ಉಳಿದ ಮೂರು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಯಹೂದಿ ಹೊಸವರ್ಷ, ಯೋಮ್ ಕಿಪ್ಪುರ್ ಉಪವಾಸ, ಸುಕ್ಕೋತ್ ಒಂದರ ಹಿಂದೊಂದು ಬರುತ್ತವೆ. ಅವರದ್ದೂ ಚಾಂದ್ರಮಾನದ ಪಂಚಾಂಗ, ತಾರೀಖು ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ನೋಡಿಯೇ ದಿನ ಗೊತ್ತುಮಾಡಿ.

ದೂರದವರು ಬರುವುದಾದರೆ ಮೆಟ್ರೊ ಆಧಾರ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರಿನಿಂದ ಒಂದೇ ಓಟ. ಹಳದಿ ಮಾರ್ಗ 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಪೀಣ್ಯ ಹಸಿರು ಮಾರ್ಗದಲ್ಲಿದೆ. ಕೊನೆಯ ಚಿತ್ರ ಮತ್ತು ಚರ್ಚೆ ರಾತ್ರಿ 9.15ರೊಳಗೆ ಮುಗಿದರೆ ಗಡಿಬಿಡಿ ಇಲ್ಲದೆ ಮನೆ ಸೇರುತ್ತಾರೆ.

ಹಾಲಿನ ಸಿದ್ಧತೆ

ಇಂಥ ಉತ್ಸವದಲ್ಲಿ ಹೆಚ್ಚಿನ ಚಿತ್ರಗಳು ಸಬ್‌ಟೈಟಲಿನವು, ಕ್ಲಬ್‌ಹೌಸಿನ ನೆಲ ಸಮತಟ್ಟು. ಚಿತ್ರಮಂದಿರದಲ್ಲಿ ಆಸನಗಳು ಇಳಿಜಾರಿನಲ್ಲಿರುವುದರಿಂದ ಅಕ್ಷರ ಕಾಣುತ್ತದೆ. ಇಲ್ಲಿ ಮುಂದಿನವರ ತಲೆ ಸರಿಯಾಗಿ ಅಕ್ಷರದ ಸಾಲಿಗೇ ಅಡ್ಡ ಬರುತ್ತದೆ, ಮೂರನೇ ಸಾಲಿನಿಂದ ಹಿಂದಿನವರು ಕತ್ತು ನೀಡಿ ನೀಡಿ ಕಡೆಗೆ ಫೋನು ತೆಗೆಯುತ್ತಾರೆ.

ಕುರ್ಚಿಯಲ್ಲಿ ಕೂತವರ ತಲೆ ನೆಲದಿಂದ ಸುಮಾರು 4 ಅಡಿ. ಪರದೆಯ ಕೆಳಗಿನ ಅಂಚು ಅಷ್ಟು ಎತ್ತರದಲ್ಲಾದರೂ ಇರಬೇಕು. 10 ಅಡಿ ಅಗಲದ ಪರದೆ ಐದೂವರೆ ಅಡಿಗಿಂತ ತುಸು ಎತ್ತರ, ಅಂದರೆ 10 ಅಡಿ ಚಾವಣಿಯ ಹಾಲಿನಲ್ಲಿ ಇದಕ್ಕಿಂತ ದೊಡ್ಡ ಪರದೆ ಕಟ್ಟಬೇಡಿ. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಹೋಗದಿರಲಿ, ಈ ಲೆಕ್ಕಕ್ಕೆ 33 ಅಡಿ. ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಡದೆ, ಎರಡು ಕುರ್ಚಿಯ ನಡುವಿನ ಸಂದಿಗೆ ಹಿಂದಿನ ಕುರ್ಚಿ ಬರುವಂತೆ ಜೋಡಿಸಿ. ಮೊದಲ ಎರಡು ಸಾಲಿಗೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದರೆ ಹಿಂದಿನವರಿಗೆ ಇನ್ನೂ ಅನುಕೂಲ. ಸಬ್‌ಟೈಟಲ್ ಬೇರೆ ಕಡತವಾಗಿದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ಅಕ್ಷರವನ್ನು ಮೇಲಕ್ಕೆ ಸರಿಸಬಹುದು.

ಕನ್ನಡ ಸಬ್‌ಟೈಟಲ್ ನೀವೇ ಮಾಡುವುದಾದರೆ ಒಂದು ಬಾರಿಗೆ ಎರಡು ಸಾಲು ಮೀರಬೇಡಿ, ಮಾತಿನ ಸಾರ ಹಿಡಿಯಿರಿ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಪ್ರದರ್ಶನದ ಲ್ಯಾಪ್‌ಟಾಪಿನಲ್ಲೇ ಪರೀಕ್ಷಿಸಿ. ಕೆಲವು ಪ್ಲೇಯರುಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುತ್ತದೆ, ಅಕ್ಷರಶೈಲಿ ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ.

ಕರೆಂಟು ಹೋದರೆ ಜನರೇಟರ್ ಬರುವುದಕ್ಕೆ ಕೆಲವೇ ಕ್ಷಣ, ಆದರೆ ಆ ಕ್ಷಣದಲ್ಲಿ ಪ್ರೊಜೆಕ್ಟರ್ ಆರಿಹೋಗಿ, ಅದರ ದೀಪ ತಣಿಯದೆ ಮತ್ತೆ ಹೊತ್ತದೆ ಐದಾರು ನಿಮಿಷ ಕಳೆಯುತ್ತದೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಮೂರನ್ನೂ ಯುಪಿಎಸ್‌ಗೆ ಕೊಡಿ. ಮಧ್ಯಾಹ್ನದ ಪ್ರದರ್ಶನಕ್ಕೆ ಕಿಟಕಿಗಳಿಗೆ ಕಪ್ಪು ಬಟ್ಟೆ ಬೇಕೇ ಬೇಕು. ತುರ್ತು ಬಾಗಿಲಿನ ಮುಂದೆ ಮಾತ್ರ ಬಟ್ಟೆಯನ್ನಾಗಲಿ ಕುರ್ಚಿಯನ್ನಾಗಲಿ ಇಡಬೇಡಿ.

ತಿಂಡಿ

ಯಹೂದಿ ಆಹಾರ ನಿಯಮದಲ್ಲಿ ಹಂದಿಮಾಂಸ ನಿಷಿದ್ಧ, ಮಾಂಸ ಮತ್ತು ಹಾಲಿನ ಪದಾರ್ಥ ಒಟ್ಟಿಗೆ ಸಲ್ಲದು. ಸಸ್ಯಾಹಾರ ಇಟ್ಟರೆ ಬಹಳಷ್ಟು ತೊಂದರೆ ಕಳೆಯಿತು. ಆದರೂ ‘ಕೋಷರ್’ ಎಂದು ಫಲಕ ಬರೆಯಬೇಡಿ. ಪಾತ್ರೆ, ಒಲೆ, ಅಡುಗೆಯವರವರೆಗೂ ಹೋಗುವ ನಿಯಮ ಅದು. ಕಟ್ಟುನಿಟ್ಟಾಗಿ ಪಾಲಿಸುವ ಅತಿಥಿಗಳಿಗೆ ಇಡೀ ಹಣ್ಣು ಮತ್ತು ಸೀಲ್ ಒಡೆಯದ ನೀರಿನ ಬಾಟಲಿ ಸಾಕು, ಬೇರೇನು ಬೇಕೆಂದು ಅವರನ್ನೇ ಕೇಳಿ.

ಉಳಿದವರಿಗೆ ಮಲೀದಾ ಮಾಡಿ. ಬೆನೆ ಇಸ್ರೇಲಿಗಳು ಪ್ರವಾದಿ ಎಲಿಯಾಹುವನ್ನು ನೆನೆದು, ಹರಕೆ ತೀರಿದಾಗಲೋ ಮದುವೆ ಮುಂತಾದ ಶುಭಕ್ಕೋ ಮಾಡುವ ನೈವೇದ್ಯ ಅದು. ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ, ಒಣಹಣ್ಣು, ಜೊತೆಗೆ ತಾಜಾ ಹಣ್ಣುಗಳು. ಗೋಕುಲಾಷ್ಟಮಿಯ ಸಿಹಿ ಅವಲಕ್ಕಿ ಮಾಡಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪಾತ್ರೆಯ ಪಕ್ಕ ಇದು ಯಾರ ಅಡುಗೆ, ಯಾವಾಗ ಮಾಡುತ್ತಾರೆ ಎಂಬ ನಾಲ್ಕು ಸಾಲಿನ ಚೀಟಿ ಇಡಿ.

ಬಾಗಿಲ ಬಳಿಯ ಗೋಡೆಗೆ

ಹಾಲಿನ ಹೊರಗೆ ನಾಲ್ಕಾರು ಹಾಳೆಗಳ ಪ್ರದರ್ಶನ ಮಾಡಿ, ನಮ್ಮ ಊರಿನ ನಂಟನ್ನು ತೋರಿಸಿ. ಮೈಸೂರು ರಸ್ತೆಯಲ್ಲಿರುವ ಯಹೂದಿ ಸ್ಮಶಾನಕ್ಕೆ 1904ರಲ್ಲಿ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ನಾಜಿ ಜರ್ಮನಿಯಿಂದ ಹೊರಬಿದ್ದ ಮೇಲೆ 1935-36ರಲ್ಲಿ ಸಿ.ವಿ. ರಾಮನ್ ಅವರ ಕರೆಯ ಮೇರೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅದೇ ರೀತಿ ಬರ್ಲಿನ್ ಬಿಟ್ಟ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ಕೈಯವು. ಜೀವ ಉಳಿಸಿಕೊಂಡು ಬಂದವರಿಗೆ ಈ ಊರು ಕೆಲಸ ಕೊಟ್ಟಿತ್ತು ಎಂಬುದನ್ನು ನಮ್ಮ ಮಕ್ಕಳು ಓದಲಿ.

ಚಿತ್ರದ ನಂತರದ ಮಾತು

ಇಪ್ಪತ್ತು ನಿಮಿಷ, ಹೆಚ್ಚು ಬೇಡ. ನಡೆಸಿಕೊಡುವವರು ಚಿತ್ರವನ್ನು ಮುಂಚೆಯೇ ನೋಡಿರಬೇಕು. ಮೊದಲ ಪ್ರಶ್ನೆ ಒಂದು ದೃಶ್ಯದ ಬಗ್ಗೆ ಇರಲಿ: ‘ಗೆಟ್’ನಲ್ಲಿ ವಿವಿಯನ್ ತನ್ನ ಕೂದಲು ಬಿಚ್ಚಿದಾಗ ನ್ಯಾಯಾಧೀಶರು ಯಾಕೆ ಸಿಡಿಮಿಡಿಗೊಂಡರು? ದೃಶ್ಯದಿಂದ ಹೊರಟ ಮಾತು ಮನುಷ್ಯರ ಸುತ್ತ ಸುಳಿಯುತ್ತದೆ. ‘ಯಹೂದಿಗಳ ಬಗ್ಗೆ ನಿಮ್ಮ ಅಭಿಪ್ರಾಯ?’ ಎಂದು ಕೇಳಿದರೆ ಟಿವಿ ಚರ್ಚೆ ಶುರುವಾಗುತ್ತದೆ.

ಗಾಜಾದ ವಿಷಯ ಬಂದೇ ಬರುತ್ತದೆ, ಬರಬಾರದು ಎಂದು ಬಾಯಿ ಮುಚ್ಚಿಸಲೂಬೇಡಿ. ಯಹೂದಿಗಳೆಲ್ಲ ಒಂದು ಸರ್ಕಾರದ ವಕ್ತಾರರಲ್ಲ, ಇಸ್ರೇಲಿನ ನಿರ್ದೇಶಕರೇ ತಮ್ಮ ದೇಶದ ಯುದ್ಧಗಳನ್ನು ಕಠಿಣವಾಗಿ ಪ್ರಶ್ನಿಸಿದ್ದಾರೆ, 1982ರ ಲೆಬನಾನ್ ಯುದ್ಧದ ಮೇಲೆ ಆರಿ ಫೋಲ್ಮನ್ ಮಾಡಿದ ‘ವಾಲ್ಟ್ಸ್ ವಿತ್ ಬಷೀರ್’ (2008) ಅದಕ್ಕೆ ಸಾಕ್ಷಿ. ಇದನ್ನು ಉತ್ಸವದ ಆರಂಭದಲ್ಲೇ ಎರಡು ವಾಕ್ಯದಲ್ಲಿ ಹೇಳಿ. ಮಾತು ಬಿಸಿಯಾದೀತು ಎನಿಸಿದರೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ತೆಗೆದುಕೊಳ್ಳಿ. ಯಾವ ದೇಶದ ಕಚೇರಿ ಚಿತ್ರ ಕೊಡಿಸಿದರೂ ಧನ್ಯವಾದ ಹೇಳಿ, ವೇದಿಕೆಯ ಭಾಷಣ ಮಾತ್ರ ನಿವಾಸಿಗಳದ್ದೇ ಇರಲಿ. ಸ್ಥಳೀಯ ಠಾಣೆಗೆ ಕಾರ್ಯಕ್ರಮದ ವಿವರ ಬರೆದು ಮುಂಚೆಯೇ ತಲುಪಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅತಿಥಿಯನ್ನು ಪ್ರದರ್ಶನದ ವಸ್ತುವಾಗಿಸುವುದು. ಅಪಾರ್ಟ್‌ಮೆಂಟಿನಲ್ಲಿ ಯಹೂದಿ ಸಹೋದ್ಯೋಗಿಯೊಬ್ಬರಿದ್ದರೆ ಅವರನ್ನು ವೇದಿಕೆಗೆ ಎಳೆದು ಇಡೀ ಧರ್ಮದ ಪರವಾಗಿ ಉತ್ತರಿಸಿ ಎನ್ನುತ್ತೇವೆ. ಮೊದಲು ಅವರನ್ನು ಕೇಳಿ. ಸುಮ್ಮನೆ ಕೂತು ಚಿತ್ರ ನೋಡುವ ಆಸೆ ಅವರದ್ದಾಗಿರಬಹುದು. ಅವರ ಹೆಸರು, ಫ್ಲ್ಯಾಟ್ ಸಂಖ್ಯೆ, ಫೋಟೊ ಯಾವ ವಾಟ್ಸ್ಆ್ಯಪ್ ಗುಂಪಿಗೂ ಹೋಗದಿರಲಿ.

ಚಿತ್ರ ಪೂರ್ತಿ ನೋಡದೆ ಆರಿಸುವುದು. 1927ರ ‘ದಿ ಜಾಝ್ ಸಿಂಗರ್’ ಯಹೂದಿ ಗಾಯಕ ಪುರೋಹಿತನ ಮಗನ ಕಥೆ, ಮಾತಿನ ಚಿತ್ರಗಳ ಯುಗ ತೆರೆದ ಕೃತಿ, ಅಮೆರಿಕದಲ್ಲಿ 2023ರಿಂದ ಹಕ್ಕುಮುಕ್ತ. ಆದರೆ ನಾಯಕ ಮುಖಕ್ಕೆ ಮಸಿ ಬಳಿದು ಕಪ್ಪು ಜನರನ್ನು ಅನುಕರಿಸುವ ಭಾಗ ಅದರಲ್ಲಿದೆ. ಅದು ಯಾಕೆ ಅವಮಾನಕರ ಎಂದು ಮುಂಚೆ ವಿವರಿಸದೆ ಹಾಕಬೇಡಿ.

ವಯಸ್ಸು ಹೇಳದಿರುವುದು. ಕ್ಲಬ್‌ಹೌಸ್ ಎಂದರೆ ಮಕ್ಕಳು ಬಂದೇ ಬರುತ್ತಾರೆ. ಪ್ರತಿ ಚಿತ್ರದ ಪಕ್ಕ ಎಷ್ಟು ವಯಸ್ಸಿನ ಮೇಲಿನವರಿಗೆ, ಎಷ್ಟು ನಿಮಿಷ, ಯಾವ ಭಾಷೆ, ಯಾವ ಸಬ್‌ಟೈಟಲ್ ಎಂದು ಬರೆಯಿರಿ.

ಚಿತ್ರಗಳನ್ನು ಗಿಡಿಯುವುದು. ಎರಡು ದಿನಕ್ಕೆ ಏಳು ಚಿತ್ರ ಇಟ್ಟರೆ ಚರ್ಚೆಯ ಹೊತ್ತು ಮೊದಲು ಹೋಗುತ್ತದೆ. ನಾಲ್ಕು ಸಾಕು.

ಉತ್ಸವ ಮುಗಿದ ಒಂದು ವಾರದಲ್ಲಿ ಖರ್ಚುವೆಚ್ಚದ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಿ. ಹಕ್ಕುದಾರರಿಗೆ ಎಷ್ಟು ಜನ ನೋಡಿದರು, ಏನು ಮಾತಾಡಿದರು ಎಂದು ಒಂದು ಪುಟ ಬರೆದು ಕಳಿಸಿ, ಮುಂದಿನ ವರ್ಷ ನಿಮ್ಮ ಪತ್ರಕ್ಕೆ ಬೇಗ ಉತ್ತರ ಬರುತ್ತದೆ. ನೀವು ಮಾಡಿದ ಕನ್ನಡ ಸಬ್‌ಟೈಟಲನ್ನು ಹಕ್ಕುದಾರರ ಒಪ್ಪಿಗೆ ಪಡೆದು ಫಿಲ್ಮ್ ಸೊಸೈಟಿಗೆ ಒಪ್ಪಿಸಿ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ಪೀಣ್ಯದಲ್ಲೋ ಇನ್ನೊಂದು ಗುಂಪು ಇದೇ ಚಿತ್ರ ಹಾಕಲು ಹೊರಟಾಗ ಅವರಿಗೆ ಒಂದು ತಿಂಗಳ ಕೆಲಸ ಉಳಿಯುತ್ತದೆ.